ದೀಪಣ್ಣ ಕೆಟ್ಟವನಾದ ಪ್ರಕರಣ

ಯಾರ ಮಾತು ನಿಜ, ಯಾರದು ಸುಳ್ಳು ಎಂದು ತೀರ್ಮಾನಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆದರೆ ಮನೆಯಲ್ಲಿ ನನ್ನ ತೀರ್ಮಾನಕ್ಕೆ ಒಬ್ಬರೂ ಸೊಪ್ಪು ಹಾಕುವುದಿಲ್ಲ. ನಾನು ವಿಮಾ ಕಂಪನಿಯ ತನಿಖೆಯವನು. ಎಲ್ಲಾದರೂ ಅಂಗಡಿ ಸುಟ್ಟುಹೋಯಿತು, ಕಾರು ಗುದ್ದಿತು ಎಂದರೆ ಅಲ್ಲಿಗೆ ಹೋಗಿ ಮೂಗು ತೂರಿಸಿ ಮೂರು ಪ್ರಶ್ನೆ ಕೇಳುತ್ತೇನೆ. ಆಗ ಎಲ್ಲಿದ್ದಿರಿ? ಏನು ಮಾಡುತ್ತಿದ್ದಿರಿ? ಇದರಿಂದ ಯಾರಿಗೆ ಲಾಭ? ಉತ್ತರ ಸರಿಹೋಗದಿದ್ದರೆ ‘ನಂಬುವ ಹಾಗಿಲ್ಲ’ ಎಂದು ಬರೆದು ಎದ್ದು ಬರುತ್ತೇನೆ. ಎಂತೆಂಥ ಘಟಾನುಘಟಿಗಳೋ ನನ್ನೆದುರು ತೊದಲಿದ್ದಾರೆ. ನನ್ನ ಹೆಂಡತಿ ಮಾತ್ರ ಇದುವರೆಗೆ ತೊದಲಿಲ್ಲ.

ಈ ರಾಮಾಯಣ ಶುರುವಾದದ್ದು ಮಗಳ ಆಟದಿಂದ. ಕಾಲೇಜಿಗೆ ರಜೆ ಬಂದಾಗ ಅವಳು ಟಿವಿಗೆ ಒಂದು ಪೆಟ್ಟಿಗೆ ಸಿಕ್ಕಿಸಿ, ರಾಜ, ಮಂತ್ರವಾದಿ, ರಾಕ್ಷಸರೆಲ್ಲ ಇರುವ ವಿಡಿಯೋ ಗೇಮ್ ಆಡುತ್ತಾಳೆ. ಆಡುವುದು ಅವಳೊಬ್ಬಳೇ, ನೋಡುವುದು ಮಾತ್ರ ಸಕುಟುಂಬ ಸಪರಿವಾರ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ "ಎಲ್ಲೀವರ್ಗೂ ಬಂತು?" ಎನ್ನುತ್ತಾಳೆ. ನಾನು ಊಟ ಮಾಡಿದೆನೋ ಇಲ್ಲವೋ ಎಂದು ಕೇಳುವುದು ಆಮೇಲೆ (ಕೇಳಿದರೆ). ನಮ್ಮ ಜೊತೆಗೇ ಇರುವ ಅತ್ತೆಯವರಂತೂ ಆಟದ ಖಳನಾಯಕನಿಗೆ ಹೊಸ ಹೆಸರನ್ನೇ ಇಟ್ಟಿದ್ದಾರೆ. ಅವನ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳದ್ದರಿಂದ ನಮ್ಮ ಮನೆಯಲ್ಲಿ ಅವನು ದೀಪಣ್ಣ.

ದೀಪಣ್ಣನ ಚರಿತ್ರೆ ಇಷ್ಟು. ಆ ರಾಜ್ಯದಲ್ಲಿ ಸೂರ್ಯನಿಲ್ಲ. ಬೆಟ್ಟದ ಮೇಲಿನ ಒಂದು ಮಹಾದೀಪವೇ ಎಲ್ಲರಿಗೂ ಬೆಳಕು. ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವನು ಈತ. ಒಂದು ದಿನ ಆಸ್ಥಾನಕ್ಕೆ ಬಂದು ನೋಡಿದರೆ, ರಾಜನ ಪಕ್ಕದ ಇವನ ಕುರ್ಚಿಯಲ್ಲಿ ಯಾರೋ ಹೊಸ ಮಂತ್ರವಾದಿ ಕೂತಿದ್ದಾನೆ. ದೀಪಣ್ಣ ನಕ್ಕ. ಬೆಟ್ಟ ಹತ್ತಿದ. ದೀಪ ಆರಿಸಿದ. ಅಲ್ಲಿಗೆ ಇಡೀ ರಾಜ್ಯಕ್ಕೆ ಕತ್ತಲು ಕವಿಯಿತು, ಇವನ ತಲೆಯಲ್ಲಿ ಕೊಂಬು ಬಂತು.

ಮಗಳು ವಾರವೆಲ್ಲ ಹೋರಾಡಿ ಅವನನ್ನು ಸೋಲಿಸಿ ಕಟ್ಟಿಹಾಕಿದ್ದಳು. ಈಗ ಟಿವಿಯಲ್ಲಿ ಒಂದೇ ಪ್ರಶ್ನೆ: ಕ್ಷಮಿಸುವುದೋ, ಗುಹೆಗೆ ತಳ್ಳುವುದೋ? ಒಮ್ಮೆ ಒತ್ತಿದರೆ ಬದಲಿಸುವ ಹಾಗಿಲ್ಲ. ಇಷ್ಟು ಕಷ್ಟಪಟ್ಟು ಆಡಿದ್ದು ಕೊನೆಯಲ್ಲಿ ಕೆಟ್ಟುಹೋಗಬಾರದೆಂದು ಅವಳು ನಮ್ಮೆಲ್ಲರ ಅಭಿಪ್ರಾಯ ಕೇಳಿದಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ವಿಚಾರಣೆ ಆರಂಭವಾಯಿತು.

"ಗುಹೆಗೆ ತಳ್ಳು," ಎಂದೆ ನಾನು. "ಮೊದಲನೇದಾಗಿ ಈ ಕಥೆ ನಂಬೋ ಹಾಗೇ ಇಲ್ಲ. ಅಷ್ಟು ವರ್ಷ ನಿಯತ್ತಾಗಿದ್ದ ಮನುಷ್ಯ ಒಂದು ಕುರ್ಚಿಗೋಸ್ಕರ ಕೆಟ್ಟುಹೋಗ್ತಾನಾ? ಬರೆದವನಿಗೆ ಕಾರಣ ಹೊಳೆದಿಲ್ಲ, ಅಷ್ಟೇ."

"ಕುರ್ಚಿಗೋಸ್ಕರ ಅಲ್ಲ ರೀ," ಎಂದಳು ಹೆಂಡತಿ. "ಅವನನ್ನ ಒಂದು ಮಾತು ಕೇಳಲಿಲ್ವಲ್ಲ, ಅದಕ್ಕೆ. ನಮ್ಮ ವಾರ್ಡಲ್ಲಿ ದೊಡ್ಡ ದೊಡ್ಡ ಆಪರೇಷನ್ ತಡ್ಕೊಂಡವರು, ಹೇಳದೆ ದಿಂಬು ಬದಲಾಯಿಸಿದ್ರೆ ರಂಪ ಮಾಡ್ತಾರೆ. ನಾನಂತೂ ನಂಬ್ತೀನಿ."

"ನಂಬಬಹುದು. ಆದ್ರೆ ಅವನು ಮಾಡಿದ್ದು ಸರಿ ಅಂತಲ್ಲ," ಎಂದಳು ಮಗಳು. "ಕುರ್ಚಿ ಕೊಟ್ಟುಬಿಟ್ಟಿದ್ದು ರಾಜ. ಕತ್ತಲಲ್ಲಿ ಎಡವಿ ಬಿದ್ದಿದ್ದು ಊರಿನ ಜನ."

"ಸರೀಗೇ ಮಾಡ್ದ," ಎಂದರು ಅತ್ತೆ. "ಇಷ್ಟು ದಿನ ಯಾರಿಂದ ಕಣ್ಣು ಕಾಣ್ತಿತ್ತು ಅಂತ ಎಲ್ಲರಿಗೂ ಗೊತ್ತಾಗ್ಲಿ."

ನಾನು ನನ್ನ ಬೆತ್ತದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡೆ. (ಕಿಟಕಿಯ ಪಕ್ಕ, ಟಿವಿಗೆ ನೇರ, ಕೂತರೆ ಏಳುವ ಮನಸ್ಸಾಗದು. ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇರುವುದು ಅದೊಂದೇ.) "ನೋಡಿ ಅತ್ತೆ, ಸ್ವಾಭಿಮಾನ ಇರೋ ಮನುಷ್ಯ ಕುರ್ಚಿ ಹೋದ್ರೆ ಸ್ಟೂಲ್ ಮೇಲೆ ಕೂತ್ಕೋತಾನೆ. ಕೂರೋದಕ್ಕೆ ಯಾವುದಾದ್ರೇನು?" ಎಂದು ತೀರ್ಪು ಕೊಟ್ಟು, ನೀರು ಕುಡಿಯಲು ಅಡುಗೆಮನೆಗೆ ಹೋದೆ.

ಬಂದು ನೋಡಿದರೆ ನನ್ನ ಕುರ್ಚಿಯಲ್ಲಿ ಅತ್ತೆ.

"ಅಮ್ಮಂಗೆ ಬೆನ್ನು ನೋವು. ಇನ್ಮೇಲೆ ಇದು ಅಮ್ಮಂದು," ಎಂದಳು ಹೆಂಡತಿ. "ಹೇಗೂ ನಿಮಗೆ ಸ್ಟೂಲ್ ಆಗತ್ತಂತಲ್ಲ." ಅಟ್ಟದ ಮೇಲಿನ ಸಾಮಾನು ಇಳಿಸಲು ಹತ್ತುವ ಕೆಂಪು ಪ್ಲಾಸ್ಟಿಕ್ ಸ್ಟೂಲನ್ನು ಕಾಲಲ್ಲೇ ನನ್ನತ್ತ ತಳ್ಳಿದಳು.

"ಅದಕ್ಕೇನಂತೆ, ಧಾರಾಳವಾಗಿ ಕೂತ್ಕೊಳ್ಳಲಿ," ಎಂದೆ. ನಕ್ಕೆ. (ಈ ನಗುವನ್ನು ತಾವು ಗಮನಿಸಬೇಕು. ಆಗ ನಾನು ಗಮನಿಸಲಿಲ್ಲ.)

ಸ್ಟೂಲಿನ ಮೇಲೆ ಕೂತೆ. ಒಬ್ಬರಾದರೂ ಪಾಪ ಎನ್ನಲಿಲ್ಲ. ಚರ್ಚೆ ನನ್ನ ತಲೆಯ ಮೇಲಿಂದಲೇ ಮುಂದುವರಿಯಿತು. ನಾನು ಬಾಯಿ ತೆರೆದರೆ, "ಅಳಿಯಂದ್ರೇ, ಸ್ವಲ್ಪ ತಲೆ ಬಗ್ಗಿಸಿ, ಟಿವಿ ಕಾಣ್ತಿಲ್ಲ," ಎಂದರು ಅತ್ತೆ. "ಇಲ್ಲಿ ಗಾಳಿಯೇ ಬರಲ್ಲ," ಎಂದು ಸ್ಟೂಲನ್ನು ಎತ್ತಿಕೊಂಡು ಹೊರಬಾಗಿಲ ಬಳಿ ಹೋಗಿ ಕೂತೆ. ಬಾಗಿಲ ಮೇಲೆ, ಸೂರಿನ ಹತ್ತಿರ, ಕರೆಂಟಿನ ಮೇನ್ ಸ್ವಿಚ್ ಇದೆ.

ಆಮೇಲೆ ನಡೆದದ್ದು ನನಗೇ ಸರಿಯಾಗಿ ಅರ್ಥವಾಗಿಲ್ಲ. ಸ್ಟೂಲಿನ ಮೇಲೆ ಕೂತಿದ್ದವನು ಯಾವಾಗಲೋ ಅದರ ಮೇಲೆ ನಿಂತಿದ್ದೆ. ಬಲಗೈ ತಾನಾಗಿ ಮೇಲೆ ಹೋಯಿತು. ಟಕ್ ಎಂದಿತು.

ಫ್ಯಾನು ನಿಂತಿತು, ಟಿವಿ ಕಪ್ಪಾಯಿತು, ಮಗಳು "ಅಯ್ಯೋ ನನ್ನ ಆಟ" ಎಂದಳು. ನಾನು ಏನೂ ಅರಿಯದವನಂತೆ ಒಳಗೆ ಬಂದು, "ಇಡೀ ಬೀದಿಗೇ ಕರೆಂಟ್ ಹೋಗಿದೆ. ಟ್ರಾನ್ಸ್‌ಫಾರ್ಮರ್ ಕೆಟ್ಟಿರಬೇಕು," ಎಂದೆ. ಫ್ಯಾನಿನ ಸದ್ದೂ ಇಲ್ಲದ್ದರಿಂದ ಪಕ್ಕದ ಮನೆಯ ವಾಷಿಂಗ್ ಮೆಷಿನ್ನು ಗಡಗಡ ತಿರುಗುವುದು ಸೊಗಸಾಗಿ ಕೇಳಿಸಿತು.

"ಕರೆಂಟ್ ಹೋದಾಗ ಎಲ್ಲಿದ್ರಿ?" ಎಂದಳು ಹೆಂಡತಿ.

"ಬಾಗಿಲ ಹತ್ರ."

"ಏನ್ ಮಾಡ್ತಿದ್ರಿ?"

"ಗಾಳಿಗೆ ಕೂತಿದ್ದೆ."

ಅಷ್ಟರಲ್ಲಿ ಮಗಳು ಹೋಗಿ ಸ್ಟೂಲು ತಂದಳು. "ಕೂತಿದ್ದಾ? ಇದರ ಮೇಲೆ ಎರಡು ಪಾದದ ಗುರುತಿದೆಯಲ್ಲ ಅಪ್ಪ."

"ಇದರಿಂದ ಯಾರಿಗೆ ಲಾಭ?" ಎಂದು ಅತ್ತೆ ಕೇಳಿದರು, ನನ್ನ ಕುರ್ಚಿಯಲ್ಲಿ ಕೂತುಕೊಂಡೇ.

ನಾನು ತೊದಲಿದೆ.

ಹೆಂಡತಿ ಹೋಗಿ ಸ್ವಿಚ್ ಹಾಕಿ ಬಂದಳು. "ದೀಪಣ್ಣ ಒಂದು ಬೆಟ್ಟ ಹತ್ತೋವಷ್ಟು ಹೊತ್ತಾದ್ರೂ ಯೋಚ್ನೆ ಮಾಡಿದ್ದ," ಎಂದಳು. "ನೀವು ಸ್ಟೂಲ್ ಹತ್ತೋವಷ್ಟು." ಮೂವರೂ ನಗಲು ಶುರುಮಾಡಿದರು. ತಡೆಯಲಾಗದೆ ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಆಗ ಮನಸ್ಸು ಹಗುರಾಯಿತು.

ಪುಣ್ಯಕ್ಕೆ ಆಟ ಎಲ್ಲಿಗೂ ಹೋಗಿರಲಿಲ್ಲ. ಅದೇ ಪ್ರಶ್ನೆ ಮತ್ತೆ ಟಿವಿಯಲ್ಲಿ ಬಂತು. "ಈಗ ಹೇಳು ಅಪ್ಪ," ಎಂದಳು ಮಗಳು. "ನಂಬ್ತೀಯಾ?"

"ನಂಬ್ತೀನಿ."

"ಆದ್ರೂ ನೀನಂದ ಹಾಗೆ ಗುಹೇಗೇ ತಳ್ಳಲಾ?"

"ಬೇಡಮ್ಮ, ಕ್ಷಮಿಸಿಬಿಡು," ಎಂದೆ. "ಪಾಪ, ಒಳ್ಳೆಯವನು. ಯಾವುದೋ ಕೆಟ್ಟ ಗಳಿಗೆ."

ಮಗಳು ಒತ್ತಿದಳು. ಬೆಟ್ಟದ ಮೇಲೆ ದೀಪ ಹತ್ತಿಕೊಂಡಿತು, ದೀಪಣ್ಣನ ಕೊಂಬು ಉದುರಿತು. ರಾಜ ಓಡಿಬಂದು ತಬ್ಬಿಕೊಂಡ. ಆ ಮಂತ್ರವಾದಿ ತಾನಾಗಿ ಎದ್ದು, ತನ್ನ ಅಂಗಿಯಿಂದಲೇ ಕುರ್ಚಿ ಒರೆಸಿ, ದೀಪಣ್ಣನನ್ನು ಕೈಹಿಡಿದು ಕೂರಿಸಿದ. ಸ್ಟೂಲಿನಿಂದ ಅರ್ಧ ಎದ್ದು, ಬಹಳ ಆಸೆಯಿಂದ ಅತ್ತೆಯವರ ಕಡೆ ತಿರುಗಿದೆ.

ಅತ್ತೆ ಬೆನ್ನ ಹಿಂದಿನ ದಿಂಬನ್ನು ಸರಿಮಾಡಿಕೊಂಡು ಇನ್ನಷ್ಟು ಒರಗಿದರು.

"ಅದು ಕಥೆ, ಅಳಿಯಂದ್ರೇ," ಎಂದರು. "ನಂಬೋ ಹಾಗಿಲ್ಲ."