ಸಾಕರಪುಡಾದ ದಿನ ಅರ್ಧಕ್ಕೆ ಬಿಟ್ಟ ಪಾಠ

ತೊಂಬತ್ತೊಂದರ ಕಬ್ಬಿನ ಹಂಗಾಮಿನ ಒಂದು ಶನಿವಾರ ಬೆಳಿಗ್ಗೆ ಕಬ್ಬೂರಿನ ವಿಜ್ಞಾನದ ಮಾಸ್ತರ ಜ್ಞಾನದೇವ ಪಾಠವನ್ನು ಅರ್ಧಕ್ಕೇ ಬಿಟ್ಟ. ಮಾಸಿಕವೊಂದರಲ್ಲಿ ಓದಿದ್ದನ್ನು ಹೇಳುತ್ತ, "ರಕ್ತದ ಕ್ಯಾನ್ಸರಿನ ಕಣ ಸಕ್ಕರೆಯನ್ನು ಗಬಗಬ ತಿಂದು ಬೆಳೆಯುತ್ತದೆ" ಎಂಬಲ್ಲಿಗೆ ನಿಲ್ಲಿಸಿ ಸೈಕಲ್ ಹತ್ತಿದ. ಸಂಜೆ ಅವನದೇ ಸಾಕರಪುಡಾ. ಸಕ್ಕರೆಯ ಪುಡಿಕೆ ಹೆಣ್ಣಿನ ಉಡಿಗೆ ಬಿದ್ದರೆ ಮದುವೆ ಗಟ್ಟಿ. ಮೂವತ್ತೈದಕ್ಕೆ ಕೂಡಿಬಂದ ಕಂಕಣ ಅದು. ಅಕ್ಕುತಾಯಿಯನ್ನು ನೋಡಿ ಬಂದಂದಿನಿಂದ ಅವನಿಗೆ ನಿದ್ದೆಯೇ ಇರಲಿಲ್ಲ.

ಹುಡುಗರು ಅರ್ಧ ಪಾಠವನ್ನೇ ಮನೆಗೆ ಒಯ್ದರು. ಮಾಸ್ತರನ ಪಕ್ಕದ ಮನೆಯ ಅಣ್ಣಾಸಾಬ ಅದನ್ನು ಇನ್ನೂ ಅರ್ಧ ಮಾಡಿ ಅಕ್ಕುತಾಯಿಯ ಅಪ್ಪ ಬಾಬಾಸಾಹೇಬರಿಗೆ ಮುಟ್ಟಿಸಿದ: "ಸಕ್ಕರಿ ತಿಂದ್ರ ಕ್ಯಾನ್ಸರ್ ಬರ್ತೈತಂತ, ಮಾಸ್ತರ ಹೇಳ್ಯಾನ್ರಿ!"

ಬಾಬಾಸಾಹೇಬರದು ಎತ್ತ ನೋಡಿದರೂ ಕಬ್ಬು. ಇಳಿಹೊತ್ತಿಗೆ ಮಾಸ್ತರನ ಅಂಗಳಕ್ಕೆ ಬಂದು ಗುಡುಗಿದರು. "ನನ್ನ ಕಬ್ಬಿಗೆ ಕೆಟ್ಟ ಹೆಸರಿಡಾಂವ ನನಗ ಅಳಿಯಾ ಆಗ್ತಾನೇನ್ರಿ?"

ಮಾಸ್ತರ ಎದೆಗುಂದಲಿಲ್ಲ. "ಸಕ್ಕರಿದೇನೂ ತಪ್ಪಿಲ್ರಿ ಮಾಮಾ. ಅದು ಸಿಗಲಿಲ್ಲಂದ್ರ ಆ ಕಣ ಕೊಬ್ಬು ತಿಂತೈತಿ."

ಬಾಯಿ ಬಿಟ್ಟರೆ ಬಣ್ಣಗೇಡು. ಹೋಳಿಗೆಗೆಂದು ತುಪ್ಪ ತಂದಿದ್ದ ಎಮ್ಮೆ ಸಾಕುವ ಮಲಕಾರಿ ತಂಬಿಗೆಯನ್ನು ಎದೆಗವುಚಿಕೊಂಡ. "ಹಂಗಾರ ನನ್ನ ತುಪ್ಪಾನೂ ವಿಷ ಏನ್ರಿ?"

"ಅಲ್ಲೋ ಮಾರಾಯಾ, ಅದೂ ಇಲ್ಲಂದ್ರ ಬ್ಯಾಳಿಯೊಳಗಿನ ಸತ್ವ..."

ಹೂರಣಕ್ಕೆ ಬೇಳೆ ಬೇಯಿಸುತ್ತಿದ್ದ ಮಾಸ್ತರನ ಚಿಕ್ಕಮ್ಮ ದುಂಡವ್ವ ಪಾತ್ರೆಯನ್ನು ದಡಕ್ಕನೆ ಒಲೆಯಿಂದಿಳಿಸಿದಳು. "ಯಪ್ಪಾ, ಬಂದ ಮಂದಿಗೆ ನೀರ ಕುಡಿಸಿ ಕಳಸೂಣೇನ?"

ಮಾಸ್ತರ ಕಟ್ಟೆ ಹತ್ತಿ ಉಳಿದರ್ಧ ಪಾಠ ಮುಗಿಸಿಯೇಬಿಟ್ಟ. "ನಾವು ತಿನ್ನೂದರಿಂದ ಆ ಕಣ ಹುಟ್ಟೂದಿಲ್ರಿ. ಹುಟ್ಟಿದ ಮ್ಯಾಲ ಬದುಕಾಕ ಹಟಾ ಹಿಡಿತೈತಿ. ಒಂದ ಒಲಿ ಆರಿದ್ರ ಅಳಕೋತ ಕೂಡಂಗಿಲ್ಲ, ಇನ್ನೊಂದ ಹಚ್ಕೋತೈತಿ!"

ಬಾಬಾಸಾಹೇಬರ ಮುಖ ಅರಳಿತು. "ಈಗ ತಿಳೀತ ನೋಡ್ರಿ. ನನ್ನ ಕಬ್ಬಿಂದೇನೂ ತಪ್ಪಿಲ್ಲ."

ಕುಸ್ತಿ ಗೆದ್ದ ಪೈಲವಾನನ ಹಾಗೆ ಮಾಸ್ತರ ಕಟ್ಟೆಯಿಂದ ಜಿಗಿದು, ಸಕ್ಕರೆ ಪುಡಿಕೆ ತರಲು ಒಳಗೆ ಹೊರಟ.

"ತಡೀರಿ ಮಾಸ್ತರ," ಬಾಬಾಸಾಹೇಬರು ತಲೆ ತುರಿಸಿಕೊಂಡರು. "ನಾವೂ ಅಳಕೋತ ಕೂಡಲಿಲ್ರಿ. ಸಿಟ್ಟಿನಾಗ ನಿಮ್ಮ ಸಂಬಂಧ ಬಿಟ್ವಿ. ಬೀಗರು ಬಿಜ್ಜರು ಬಂದು ಕುಂತಿದ್ರು. ಅಣ್ಣಾಸಾಬ ತನ್ನ ತಮ್ಮನ್ನ ಮುಂದ ಮಾಡಿದ. ಮಧ್ಯಾಹ್ನನ ಸಾಕರಪುಡಾ ಮುಗೀತು."

ಅಷ್ಟರಲ್ಲಿ ಅಣ್ಣಾಸಾಬ ಹಲ್ಲು ಕಿರಿಯುತ್ತ ಬಂದು ಒಂದು ಹಿಡಿ ಸಕ್ಕರೆ ಚಾಚಿದ. "ಬಾಯಿ ಸವಿ ಮಾಡ್ಕೋರಿ ಮಾಸ್ತರ."

ಮಾಸ್ತರ ಕೈ ಹಿಂದಕ್ಕೆಳೆದುಕೊಂಡ. ಆದರೆ ಬಾಬಾಸಾಹೇಬರು, ಮಲಕಾರಿ, ದುಂಡವ್ವ ಮೂವರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಒಲ್ಲೆನೆಂದರೆ ಇಷ್ಟು ಹೊತ್ತು ಹೇಳಿದ ಪಾಠವೆಲ್ಲ ಸುಳ್ಳಾಗುತ್ತಿತ್ತು.

ಜ್ಞಾನದೇವ ಕಣ್ಣು ಮುಚ್ಚಿ ಅಕ್ಕುತಾಯಿಯ ಸಾಕರಪುಡಾದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡ.