ಯಂತ್ರದ ಹಿಂದೆ ಕೂತ ಡಾಕ್ಟರ್ ಥೇಯರ್

ಗಣಕಯಂತ್ರ ನೋಡಿಕೊಳ್ಳುವ ಓಟಿಸ್ ಕ್ರ್ಯಾಂಡಲ್‌ಗೆ ಕಾಫಿ ಇಲ್ಲದೆ ಬೆಳಗಾಗುತ್ತಿರಲಿಲ್ಲ. ಅಂದು ಕಾಫಿ ಪಾತ್ರೆಯ ವೈರನ್ನು ಅವನು ನೇರವಾಗಿ ಗಣಕಯಂತ್ರದ ಪ್ಲಗ್ಗಿಗೇ ಸಿಕ್ಕಿಸಿದ. ಫಟ್ ಎಂದಿತು. ಕೋಣೆ ತುಂಬ ಗುಂಯ್‌ಗುಡುತ್ತಿದ್ದ ಯಂತ್ರ, ಮೇಷ್ಟ್ರು ಪ್ರಶ್ನೆ ಕೇಳಿದಾಗಿನ ತರಗತಿಯಂತೆ ತೆಪ್ಪಗಾಯಿತು.

ಡಾಕ್ಟರ್ ವಿನಿಫ್ರೆಡ್ ಥೇಯರ್ ಬಾಗಿಲಲ್ಲೇ ನಿಂತುಬಿಟ್ಟರು. ವಾಷಿಂಗ್ಟನ್ನಿನ ಆ ನೌಕಾಪಡೆ ಕಚೇರಿಯಲ್ಲಿ ಗಣಿತ ವಿಭಾಗದ ಮುಖ್ಯಸ್ಥೆಯಾದ ಮೊದಲ ಹೆಂಗಸು ಅವರು. "ಲೆಕ್ಕ ಮಾಡೋ ಬೀರು ಯಾಕ್ರೀ?" ಎಂದು ನಕ್ಕವರನ್ನೆಲ್ಲ ಸಂಭಾಳಿಸಿ ಕಟ್ಟಿಸಿದ ಯಂತ್ರ ಅದು. ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಲು ಅಡ್ಮಿರಲ್ ಪ್ರೂಯಿಟ್ ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

"ಮೇಡಂ, ನೀವು ಯಂತ್ರದ ಹಿಂದ್ಗಡೆ ಕೂತ್ಬಿಡಿ," ಎಂದ ಓಟಿಸ್. "ಅಚ್ಚಿನ ವೈರು, ದೀಪದ ವೈರು ಬೇರೆ, ಕೆಟ್ಟಿಲ್ಲ. ಅಲ್ಲಿ ಟೈಪ್ ಮಾಡಿದ್ದು ಇಲ್ಲಿ ಅಚ್ಚಾಗತ್ತೆ. ದೀಪ ನಾನು ಮಿನುಗಿಸ್ತೀನಿ."

"ನಾನು ಮುಖ್ಯಸ್ಥೆ ಕಣಯ್ಯಾ!"

"ಯಂತ್ರಾನೇ ಹೋದ್ರೆ ಯಾವುದಕ್ಕೆ ಮುಖ್ಯಸ್ಥೆ?" ಎನ್ನುತ್ತ ಸೆಕ್ರೆಟರಿ ಮಿಸೆಸ್ ಲುಂಡ್‌ಕ್ವಿಸ್ಟ್ ಅವರನ್ನು ಒಳಕ್ಕೆ ತಳ್ಳಿಯೇಬಿಟ್ಟರು. "ತಲೆ ಬಗ್ಸಿ, ತುರುಬು ಕಾಣ್ಸತ್ತೆ!"

ಅಡ್ಮಿರಲ್ ಬಂದವರೇ, "ಎಲ್ಲಿ ಆಯಮ್ಮ?" ಎಂದರು.

"ತಲೆನೋವು ಸರ್," ಎಂದ ಓಟಿಸ್.

ಅದೇನೂ ಸುಳ್ಳಲ್ಲ ಎಂದುಕೊಂಡರು ಥೇಯರ್.

ತೋಪಿನ ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದು ಮೊದಲ ಪ್ರಶ್ನೆ. ಯುದ್ಧಕಾಲದಲ್ಲಿ ಆ ಲೆಕ್ಕ ಮಾಡಿ ಮಾಡಿ ಥೇಯರ್‌ಗೆ ಬಾಯಿಪಾಠವಾಗಿತ್ತು. ಉತ್ತರ ಟಕಟಕನೆ ಬಿತ್ತು. ಅಡ್ಮಿರಲ್‌ಗೆ ಹುರುಪೇರಿತು.

"ನನ್ನ ಮೇಜಿನ ಮೇಲೆ ಎರಡು ಸಂಶೋಧನೆ ಅರ್ಜಿ ಬಿದ್ದಿವೆ. ಯಾವುದಕ್ಕೆ ಒಪ್ಪಿಗೆ ಕೊಡ್ಲಿ, ಕೇಳಯ್ಯಾ."

"ಸರ್, ಇದು ಬರೀ ಲೆಕ್ಕ..." ಎಂದು ಓಟಿಸ್ ಹೇಳುವಷ್ಟರಲ್ಲಿ ಕಾಗದ ಹೊರಬಂತು. ಥೇಯರ್‌ಗೆ ತಡೆದುಕೊಳ್ಳಲಾಗಿರಲಿಲ್ಲ.

'ಎರಡನೆಯದಕ್ಕೆ. ಮೊದಲನೆಯದು ನಿಮ್ಮ ಅಳಿಯನದು, ಹುರುಳಿಲ್ಲ.'

ಓಟಿಸ್ ಕಣ್ಣು ಮುಚ್ಚಿಕೊಂಡ. ಅಡ್ಮಿರಲ್ ಕೆಂಪಾದರು, ಆಮೇಲೆ ತೊಡೆ ತಟ್ಟಿ ನಕ್ಕರು.

"ಭಲೇ! ಆಯಮ್ಮನೂ ಇದೇ ಹೇಳಿದ್ರು. ಹೆಂಗಸ್ರ ಹಠ ಅಂತ ಬಿಟ್ಟಿದ್ದೆ. ಯಂತ್ರಾನೇ ಹೇಳಿದ್ಮೇಲೆ ಸರಿನೇ ಇರ್ಬೇಕು! ಯಂತ್ರ ಇಲ್ಲೇ ಇರ್ಲಿ."

ಯಂತ್ರದ ಹಿಂದಿನ ಕತ್ತಲಲ್ಲಿ ಥೇಯರ್‌ಗೆ ಕಣ್ಣು ತುಂಬಿ ಬಂತು.

"ಇಷ್ಟೆಲ್ಲ ತಿಳ್ದಿರೋ ಯಂತ್ರ ಇರೋವಾಗ ಬೇರೆ ಮುಖ್ಯಸ್ಥೆ ಯಾಕೆ?" ಅಡ್ಮಿರಲ್ ಮುಂದುವರಿಸಿದರು. "ಆ ಹುದ್ದೆ ನಾಳೆಯಿಂದ ಇದಕ್ಕೇ. ಒಪ್ಪತ್ತಾ, ಕೇಳಯ್ಯಾ."

ಎದ್ದು ಹೊರಬಂದರೆ ಯಂತ್ರ ಹೋಗುತ್ತದೆ, ಕೂತಿದ್ದರೆ ಕುರ್ಚಿ ಹೋಗುತ್ತದೆ. ಜೀವಮಾನದಲ್ಲಿ ಯಾವ ಲೆಕ್ಕಕ್ಕೂ ಥೇಯರ್ ಅಷ್ಟು ಹೊತ್ತು ತೆಗೆದುಕೊಂಡವರಲ್ಲ.

ಕೊನೆಗೆ ಒಂದೊಂದೇ ಅಕ್ಷರ ಅಚ್ಚಾಯಿತು.

'ಒಪ್ಪಿದೆ.'

ಅಡ್ಮಿರಲ್ ನೆಟ್ಟಗೆ ನಿಂತು ಯಂತ್ರಕ್ಕೆ ಸೆಲ್ಯೂಟ್ ಹೊಡೆದರು.