ಕಾಕಾನ ಕಣ್ಣಿನ ಡಬ್ಬಿ

ಮುಂದಿನ ವರ್ಷ ಇಡೀ ಜಗತ್ತು ನಮ್ಮ ಕಾಕಾನ ಮಾತನ್ನು ಒಪ್ಪಿಕೊಳ್ಳಲಿದೆ. ಜಗತ್ತಿಗೆ ಈ ವಿಷಯ ಇನ್ನೂ ಗೊತ್ತಿಲ್ಲ, ಅಷ್ಟೇ! ಕಾಕಾನಿಗೆ ಮಾತ್ರ ಎಷ್ಟೋ ವರ್ಷಗಳಿಂದ ಗೊತ್ತಿದೆ. ಪ್ರತಿ ವರ್ಷವೂ ಅದು ಮುಂದಿನ ವರ್ಷವಾಗಿಯೇ ಉಳಿಯುತ್ತದೆ ಎಂಬುದೊಂದೇ ಸಣ್ಣ ತೊಡಕು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಬ್ಯಾಡಗಿ ಮಾರುಕಟ್ಟೆಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಒಂದು ಕಾಯಿ ಕೈಗೆ ಕೊಟ್ಟರೆ ಸಾಕು, ಹಿಚುಕಿ, ಮುರಿದು, ಮೂಗಿಗೆ ಹಿಡಿದು, ಅದು ಯಾವ ಕಡೆಯ ಹೊಲದ್ದು, ಸರಿಯಾಗಿ ಒಣಗಿದೆಯೋ ಇಲ್ಲವೋ ಎಲ್ಲ ಹೇಳಿಬಿಡುತ್ತಾರೆ. ಇಂಥ ವ್ಯವಹಾರಸ್ಥ ಮನುಷ್ಯನಿಗೆ ಹಿಡಿದ ಹುಚ್ಚು ಯಾವುದು ಗೊತ್ತೆ? ವಿ.ಆರ್. ಹೆಡ್‌ಸೆಟ್! ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿ, ಒಳಗೆ ಎರಡು ಗಾಜು. ಅದನ್ನು ಕಟ್ಟಿಕೊಂಡರೆ ನೀವು ಮೆಣಸಿನಕಾಯಿ ಚೀಲದ ಮೇಲೆ ಕುಳಿತಿದ್ದರೂ ಸಮುದ್ರದ ತಳದಲ್ಲಿರುತ್ತೀರಿ, ಇಲ್ಲದ ಶತ್ರುವಿಗೆ ಗುದ್ದುತ್ತೀರಿ, ಇಲ್ಲದ ಚೆಂಡನ್ನು ಹಿಡಿಯುತ್ತೀರಿ. ಕಾಕು, ಅಂದರೆ ಕಾಕಾನ ಹೆಂಡತಿ, ಇದಕ್ಕೆ ಕಣ್ಣಪಟ್ಟಿ ಎಂದು ಹೆಸರಿಟ್ಟಿದ್ದಾರೆ. ಗಾಣದ ಎತ್ತಿಗೆ ಕಟ್ಟುತ್ತಾರಲ್ಲ, ಅದು.

"ತಮ್ಮಾ, ಮೊಬೈಲ್ ಬಂದಾಗ ಮಂದಿ ಏನಂದ್ರು? ಕಿಸೆದಾಗ ಫೋನ್ ಇಟ್ಕೊಂಡು ತಿರಗಾಕ ನಮಗೇನು ಹುಚ್ಚ ಅಂದ್ರು. ಈಗ ನೋಡು, ಒಬ್ಬೊಬ್ಬರ ಕಿಸೆದಾಗ ಎರಡೆರಡು ಅದಾವು. ಇದೂ ಹಂಗ. ಬರೋ ದೀಪಾವಳಿಗೆ ಮನಿಗೊಂದು!" ಎಂದು ಕಾಕಾ ನನಗೆ ಹೇಳುತ್ತಿದ್ದರು.

ಆ ದೀಪಾವಳಿ ಬಂತು, ಹೋಯಿತು. ಮನೆಗೊಂದಿರಲಿ, ಊರಿಗೊಂದೂ ಆಗಲಿಲ್ಲ. ಕಾಕಾ ಧೃತಿಗೆಡುವ ಪೈಕಿಯೆ? ಕೊಂಡ ಡಬ್ಬಿಯನ್ನು ನಾಲ್ಕು ತಿಂಗಳು ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಮೆಣಸಿನಕಾಯಿಗೆ ಹೇಳುವ ಮಾತನ್ನೇ ಅದಕ್ಕೂ ಹೇಳುತ್ತಿದ್ದರು: "ಇದು ಇನ್ನೂ ಬಲ್ತಿಲ್ಲ. ಮುಂದಿನ ಮಾಡೆಲ್ ಬರಲಿ." ಬಲಿಯದ ಡಬ್ಬಿ ಅಟ್ಟಕ್ಕೆ ಏರುತ್ತಿತ್ತು, ಹೊಸ ಮಾಡೆಲ್ ಮನೆಗೆ ಬರುತ್ತಿತ್ತು. ಹೀಗೆ ಮೂರು ಡಬ್ಬಿಗಳು ಅಟ್ಟದ ಮೇಲೆ ಹಪ್ಪಳದ ಡಬ್ಬಗಳ ಪಕ್ಕ ಧೂಳು ತಿನ್ನುತ್ತಿದ್ದವು. ನಾಲ್ಕನೆಯದು ಬಂದ ದಿನ ಕಾಕು ಸೆರಗು ಸಿಕ್ಕಿಸಿ ನಡುಮನೆಯಲ್ಲಿ ನಿಂತುಬಿಟ್ಟರು.

"ಏನ್ರಿ, ಈ ದೀಪಾವಳಿಯೊಳಗ ಇದು ಇನ್ನೊಬ್ಬರ ಮನಿಯಾಗ ನನ್ನ ಕಣ್ಣಿಗೆ ಬೀಳಬೇಕು. ಒಂದ ಮನಿ ಸಾಕು. ಇಲ್ಲಂದ್ರ ಇದೂ ಅಟ್ಟಕ್ಕ. ಆಮ್ಯಾಲೆ ಈ ಮನಿಯಾಗ ಹೊಸಾ ಡಬ್ಬಿ ಬರೂ ಹಂಗಿಲ್ಲ!"

"ಒಂದ ಮನಿ ಯಾಕ, ಓಣಿಗೆ ಓಣಿನ ತಗೋತೈತಿ ನೋಡ್ತಿರು," ಎಂದರು ಕಾಕಾ. ಪಣ ಅಲ್ಲಿಗೆ ನಿಗದಿಯಾಯಿತು.

ಪ್ರಚಾರ ಶುರುವಾಗುವ ಮೊದಲು ಕಾಕಾನ ಇನ್ನೊಂದೆರಡು ಗುಣ ಹೇಳಿಬಿಡುತ್ತೇನೆ. ಅವರು ಗಾಡಿಯನ್ನು ಗೋಡೆಗೆ ನಿಲ್ಲಿಸಿದರೆಂದರೆ ನಡುವೆ ಒಂದು ಎಮ್ಮೆ ಆರಾಮಾಗಿ ಹಾದುಹೋಗುವಷ್ಟು ಜಾಗ! ಯಾರಾದರೂ ಲಿಂಬೆಹಣ್ಣು ಎಸೆದು "ಹಿಡೀರಿ" ಎಂದರೆ ಹಣ್ಣು ಎದೆಗೆ ಬಡಿದು ಕೆಳಗೆ ಉರುಳಿದ ಮೇಲೆ ಇವರ ಎರಡೂ ಕೈ ಗಾಳಿಯಲ್ಲಿ ಕೂಡಿಕೊಳ್ಳುತ್ತಿದ್ದವು. ಮತ್ತೆ ಚಹಾ. ಮನೆಗೆ ಯಾರೇ ಬರಲಿ, ಚಹಾವನ್ನು ಕಿಟ್ಲಿಯಿಂದ ತಾವೇ ಸುರಿದು ಕೊಡಬೇಕು. ಅದು ಅವರ ಮರ್ಯಾದೆಯ ಪ್ರಶ್ನೆ. ಅವರು ಸುರಿಯುವಾಗ ಕಾಕು ಸುಮ್ಮನೆ ನಿಂತದ್ದನ್ನು ನಾನು ನೋಡಿಯೇ ಇಲ್ಲ. ಕೈ ಚಾಚಿ ಕಪ್ಪನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ಸರಿಸುತ್ತಲೇ ಇರುತ್ತಾರೆ. ಇಟ್ಟ ಕಪ್ಪನ್ನೂ ಇಟ್ಟಲ್ಲಿ ಇರಗೊಡದ ಹೆಣ್ಣುಮಗಳು ಎಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು.

ಪ್ರಚಾರ ಅಂಗಡಿಯಿಂದಲೇ ಶುರುವಾಯಿತು. ಮೆಣಸಿನಕಾಯಿ ಖರೀದಿಯ ಟೆಂಡರ್ ಮುಗಿದು ದರ ಗೊತ್ತಾಗುವವರೆಗೆ ವ್ಯಾಪಾರಸ್ಥರಿಗೆ ಮಾಡಲು ಕೆಲಸವಿರುವುದಿಲ್ಲ. ಕಾಕಾ ಒಬ್ಬೊಬ್ಬರನ್ನೇ ಕರೆದು ಡಬ್ಬಿ ಕಟ್ಟುತ್ತಿದ್ದರು. ಮೊದಲು ಕಟ್ಟಿಕೊಂಡವರು ಪಕ್ಕದ ಅಂಗಡಿಯ ಸಾಹುಕಾರರು. ಒಳಗೆ ಮೀನುಗಳ ಆಟ. ಸ್ವಲ್ಪ ಹೊತ್ತಿಗೆ ಡಬ್ಬಿ ತೆಗೆದ ಸಾಹುಕಾರರ ಕಣ್ಣಲ್ಲಿ ಧಾರಾಕಾರ ನೀರು! ಎರಡನೆಯವರೂ ಅತ್ತರು. ಮೂರನೆಯವರಂತೂ ಮೂಗು ಒರೆಸಿಕೊಳ್ಳುತ್ತ, ಗೋಡೆ ಹಿಡಿದು ನಡೆದರು.

"ನೋಡ್ದ್ಯಾ ತಮ್ಮಾ? ಯಾವ ಟಿ.ವಿ. ಹಿಂಗ ಅಳಸ್ತೈತಿ ಹೇಳು! ಮನಸ್ಸಿಗೆ ಮುಟ್ಟೈತಿ!" ಕಾಕಾನ ದನಿಯೂ ತುಂಬಿಬಂದಿತ್ತು.

ಊಟದ ಡಬ್ಬಿ ತಂದಿದ್ದ ಕಾಕು ಹೆಡ್‌ಸೆಟ್ಟನ್ನು ಎತ್ತಿ ಮೂಸಿದರು. ಮುಖಕ್ಕೆ ಒತ್ತುವ ಅದರ ಮೆತ್ತನೆಯ ಅಂಚು ಕೆಂಪಗೆ ಆಗಿತ್ತು. ಆಗದೆ ಏನು? ಇಟ್ಟದ್ದು ಸ್ಯಾಂಪಲ್ ಚೀಲದ ಮೇಲೆ, ಮುಟ್ಟಿದ್ದು ಕಾಯಿ ಮುರಿದ ಕೈಯಿಂದ, ಒರೆಸಿದ್ದು ಅದೇ ಹೆಗಲ ಟಾವೆಲ್ಲಿನಿಂದ. ಕಾಕು ಬಿಟ್ಟೂಬಿಡದೆ ಸೀನಿ, ಉಸಿರು ತಿರುಗಿದ ಮೇಲೆ ಹೇಳಿದರು: "ಮನಸ್ಸಿಗಲ್ರಿ, ಕಣ್ಣಿಗೆ ಮುಟ್ಟೈತಿ!"

"ಹುಚ್ಚಿ, ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದು. ಖಾರ ಎಲ್ಲೈತಿ ಅದರಾಗ?"

"ಅದನ್ನ ಅವರ ಕಣ್ಣಿಗೆ ಹೋಗಿ ಹೇಳ್ರಿ."

ಬಣ್ಣದ ಮಾತೂ ಸುಳ್ಳಾಗಿರಲಿಲ್ಲ. ಆ ದಿನ ಕಾಕಾನ ಅಂಗಡಿಗೆ ಹೋಗಿಬಂದವರೆಲ್ಲರ ಕಣ್ಣಿನ ಸುತ್ತ ಕೆಂಪು ಉಂಗುರ. ಸ್ಟೇಷನ್ನಿನಲ್ಲಿ ನಿಂತರೂ ಯಾರು ಡಬ್ಬಿ ಕಟ್ಟಿಕೊಂಡು ಬಂದವರೆಂದು ದೂರದಿಂದಲೇ ಗುರುತು ಹತ್ತುತ್ತಿತ್ತು. ಮರುದಿನದಿಂದ ಕಾಕಾ ಕರೆದರೆ ಎಲ್ಲರಿಗೂ ಅರ್ಜೆಂಟು ಕೆಲಸ ನೆನಪಾಗತೊಡಗಿತು.

ಬ್ಯಾಡಗಿ ಕೈಕೊಟ್ಟರೆ ರಾಣೇಬೆನ್ನೂರು ಇಲ್ಲವೆ? ಅಲ್ಲಿ ನಮ್ಮ ದಾಯಾದಿಯೊಬ್ಬರ ಮಗಳ ನಿಶ್ಚಯವಿತ್ತು. ಎಲ್ಲರೂ ಹಣ್ಣು ಹೂವು ಹಿಡಿದು ಹೋದರೆ, ಕಾಕಾ ಹೊಸ ಅಂಚು ಹಾಕಿಸಿದ ಡಬ್ಬಿ ಹಿಡಿದು ಹೋದರು. ಊಟವಾದ ಮೇಲೆ ಬೀಗರನ್ನೇ, ಅಂದರೆ ಹುಡುಗನ ತಂದೆಯನ್ನೇ, ಹಿಡಿದು ಕೂರಿಸಿ ಡಬ್ಬಿ ಕಟ್ಟಿದರು. ಒಳಗೆ ಎತ್ತರದ ಕಟ್ಟಡ, ಅದರ ತುದಿಯಿಂದ ಗಾಳಿಗೆ ಚಾಚಿದ ಒಂದು ಹಲಗೆ. ಅದರ ಮೇಲೆ ನಡೆಯಬೇಕು. ಬೀಗರು ಒಂದು ಹೆಜ್ಜೆ ಇಟ್ಟವರೇ, "ಅಯ್ಯಪ್ಪಾ!" ಎಂದು ಜಮಖಾನೆಯ ಮೇಲೆ ಕುಕ್ಕರಿಸಿ, ಹತ್ತಿರವಿದ್ದ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡುಬಿಟ್ಟರು. "ಯಾರರ ಬರ್ರಿ! ನನ್ನ ಕೆಳಗಿಳಸ್ರಿ!" ಅವರು ಕುಳಿತಿದ್ದದ್ದು ನೆಲದ ಮೇಲೆ! ಹೆಣ್ಣಿನ ಕಡೆಯವರು ನಗುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಆಗ ಬೀಗಿತ್ತಿಯೇ ಬಿದ್ದುಬಿದ್ದು ನಕ್ಕು ಎಲ್ಲರ ಪ್ರಾಣ ಉಳಿಸಿದರು.

"ನೀವ ನಡದು ತೋರಸ್ರಿ ನೋಡೋಣ," ಎಂದು ಬೀಗರು ಕಾಕಾನಿಗೆ ಸವಾಲು ಹಾಕಿದರು. ಕಾಕಾ ಡಬ್ಬಿ ಕಟ್ಟಿಕೊಂಡು, ಬಾಯಲ್ಲಿ ಎಲೆಯಡಿಕೆ ಜಗಿಯುತ್ತ, ಸಂಜೆ ಹೊಲದ ಬದುವಿನ ಮೇಲೆ ಹೋಗುವವರ ಹಾಗೆ ಆ ಹಲಗೆಯ ತುದಿಯವರೆಗೆ ಹೋಗಿ ಬಂದರು. ಜನ ಬೆರಗಾದರು. ಏನು ಧೈರ್ಯ, ಏನು ಗುಂಡಿಗೆ! ಆದರೆ ಕಾಕಾ ಮಾತ್ರ ಹೊಗಳಿಕೆಗೆ ಕಿವಿಗೊಡದೆ ಬೀಗರ ಪಕ್ಕ ಕುಳಿತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಖರೇನ ಆಳ ಕಾಣಸ್ತೇನ್ರಿ? ಹೆಂಗ ಕಾಣಸ್ತು? ಎಷ್ಟು ಆಳ?"

"ಜೀವ ಹೋಗಿ ಬಂತ್ರಿ ಮಹರಾಯ್ರ, ಎಷ್ಟು ಆಳ ಅಂತ ಯಾರು ಅಳದಾರು!"

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ ಎಂಬುದನ್ನು ನಾನು ನೋಡಿದೆ. ಮಾಲು ಮಾರುವವನ ಕಾಳಜಿ ಎಂದುಕೊಂಡೆ.

ಬೀಗರ ಮನೆಯವರೂ ಡಬ್ಬಿ ಕೊಳ್ಳಲಿಲ್ಲ. ಬೀಗಿತ್ತಿ ಕೊಟ್ಟ ಕಾರಣವನ್ನು ಆ ಯಂತ್ರ ಮಾಡುವವರು ಕೇಳಿಸಿಕೊಳ್ಳಬೇಕಿತ್ತು. "ಟಿ.ವಿ. ಅಂದ್ರ ಹತ್ತು ಮಂದಿ ಕೂಡಿ ನೋಡ್ತೀವಿ. ಇದನ್ನ ಒಬ್ಬರು ನೋಡ್ತಾರು, ಉಳದವರು ಅವರನ್ನ ನೋಡ್ಕೋತ ಕುಂದ್ರಬೇಕು!" ಇದಕ್ಕಿಂತ ಚೆನ್ನಾಗಿ ಈ ಉದ್ಯಮದ ಕಷ್ಟವನ್ನು ಯಾರು ಹೇಳಿಯಾರು? ಮತ್ತೆ ಒಬ್ಬರಿಗೆ ತಲೆ ಸುತ್ತು, ಇನ್ನೊಬ್ಬರಿಗೆ ಕನ್ನಡಕದ ಅಡ್ಡಿ, ಮತ್ತೊಬ್ಬರ ತುರುಬು ಕೆಡುತ್ತದೆ. ಕಾಕಾ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದರು. ಮುಂದೆ ಇದು ಕನ್ನಡಕದಷ್ಟು ಹಗುರಾಗುತ್ತದೆ, ಮಕ್ಕಳು ಇದರೊಳಗೇ ಪಾಠ ಕಲಿಯುತ್ತಾರೆ, ದೂರದೂರಿನ ವ್ಯಾಪಾರಿ ಮನೆಯಲ್ಲೇ ಕುಳಿತು ಬ್ಯಾಡಗಿಯ ಕಾಯಿರಾಶಿಯ ಸುತ್ತ ಅಡ್ಡಾಡುತ್ತಾನೆ. ಎಲ್ಲವೂ ನಡೆಯಬಹುದಾದದ್ದೇ. ಆದರೆ ದೀಪಾವಳಿ ಮಾತ್ರ ಅಷ್ಟರವರೆಗೆ ಕಾಯುವುದಿಲ್ಲವಲ್ಲ!

ಹಬ್ಬ ಹತ್ತಿರ ಬಂದಾಗ ಕಾಕು ಗಂಡನನ್ನು ಕರೆದುಕೊಂಡು ಹಾವೇರಿಗೆ, ನನ್ನ ಮನೆಗೆ ಬಂದರು. "ಹಗಲೆಲ್ಲ ಆ ಕಣ್ಣಪಟ್ಟಿ ಕಟ್ಕೊಂಡು ಇವರ ಕಣ್ಣ ಹಾಳಾಗ್ಯಾವು. ಮೊನ್ನೆ ಮೆಟ್ಟಲಾ ತಪ್ಪಿದ್ರು. ಡಾಕ್ಟರಿಗೆ ತೋರಿಸಪಾ," ಎಂದರು. ನಾನು ಇಬ್ಬರನ್ನೂ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರಮ್ಮ ಅಕ್ಷರ ಓದಿಸಿದರು, ಬೆಳಕು ಬಿಟ್ಟು ನೋಡಿದರು, ಆಮೇಲೆ ಒಂದು ಕಪ್ಪು ಕನ್ನಡಕ ಹಾಕಿಸಿ ಪುಸ್ತಕವೊಂದನ್ನು ಮುಂದೆ ಹಿಡಿದರು. ಅದರಲ್ಲಿ ಒಂದು ದೊಡ್ಡ ನೊಣದ ಚಿತ್ರ. "ಇದರ ರೆಕ್ಕೆ ಹಿಡೀರಿ," ಎಂದರು. ಕಾಕಾ ಬೆರಳನ್ನು ಸೀದಾ ಕಾಗದದ ಮೇಲೆ ಊರಿದರು. "ಹಿಡದ್ನಲ್ರಿ."

"ನಾ ನೋಡ್ತೇನಿ ಕೊಡ್ರಿ ಇಲ್ಲೆ," ಎಂದು ಕಾಕು ಆ ಕನ್ನಡಕ ಹಾಕಿಕೊಂಡರು. ಹಾಕಿಕೊಂಡವರೇ, "ಶೀ, ಮೈಮ್ಯಾಲೆ ಬರಾಕತ್ತೈತಿ!" ಎಂದು ಕೈ ಹಿಂದಕ್ಕೆಳೆದರು. ನಾನೂ ಹಾಕಿಕೊಂಡು ನೋಡಿದೆ. ನೊಣದ ರೆಕ್ಕೆ ಪುಸ್ತಕದಿಂದ ಮೇಲೆದ್ದು ನಿಂತಿತ್ತು.

ಕಾಕಾ ನಮ್ಮಿಬ್ಬರ ಮುಖವನ್ನೂ ನೋಡಿದರು. "ಎಲ್ಲಿ ಎದ್ದೈತಿ? ಕಾಗದದ ಮ್ಯಾಲೆ ಐತಲ್ಲ?"

ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಕಾಕಾನ ಎಡಗಣ್ಣು ಹೊರಗಿನಿಂದ ನೋಡಲು ಚೆನ್ನಾಗಿಯೇ ಇದೆ, ಆದರೆ ಸಣ್ಣಂದಿನಿಂದ ಅದು ಬಲಗಣ್ಣಿನ ಜೊತೆ ಕೂಡಿ ಕೆಲಸ ಮಾಡಿಲ್ಲ. ಡಬ್ಬಿಯಿಂದ ಆದದ್ದಲ್ಲ. ಇಂಥವರಿಗೆ ತಮಗೆ ಹೀಗಿದೆ ಎಂದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಮೈಮೇಲೆ ಬಂದಂತೆ, ಕಾಲ ಕೆಳಗೆ ಆಳ ಇದ್ದಂತೆ ಆ ಡಬ್ಬಿಯೊಳಗೆ ಕಾಣಬೇಕಾದರೆ ಎರಡೂ ಕಣ್ಣು ಕೂಡಬೇಕು.

ನಾನು ರಾಣೇಬೆನ್ನೂರಿನ ಹಲಗೆಯನ್ನು ನೆನೆದೆ. ಅದು ಧೈರ್ಯವಾಗಿರಲಿಲ್ಲ.

ಕಾಕಾ ಪುಸ್ತಕದ ನೊಣವನ್ನು ಮತ್ತೊಮ್ಮೆ ಬೆರಳಿನಿಂದ ಮುಟ್ಟಿ ಕೇಳಿದರು: "ಅಂದ್ರ ಅಟ್ಟದ ಮ್ಯಾಲಿನ ಮೂರೂ ಡಬ್ಬಿ ಬಲ್ತಿದ್ವು? ಮಂದಿ ಹೇಳೂ ಹಂಗ ನನಗ ಕಾಣಲಿಲ್ಲ ಅಂತ ನಾ ಅವನ್ನ ಅಟ್ಟಕ್ಕ ಹಾಕಿದ್ನಲ್ಲ!" ಮತ್ತೆ ಪುಸ್ತಕ ಮುಚ್ಚಿ, "ಡಾಕ್ಟರ್, ಬರೋ ವರ್ಷದಾಗ ಇದಕ್ಕೇನರ ಬರ್ತೈತೇನ್ರಿ?"

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. "ಈ ವಯಸ್ಸಿನಲ್ಲಿ ಕಷ್ಟ," ಎಂದರು. ಕಾಕಾನ ಮುಂದಿನ ವರ್ಷಗಳೆಲ್ಲ ಯಾವುದಕ್ಕೆ ಕಾಯುತ್ತಿದ್ದವು ಎಂದು ನನಗೆ ಆಗ ತಿಳಿಯಿತು. ಡಬ್ಬಿ ಕಟ್ಟಿಕೊಂಡ ಪ್ರತಿಯೊಬ್ಬನೂ "ಅಯ್ಯಪ್ಪಾ!" ಎನ್ನುವಾಗ ತಮಗೂ ಒಮ್ಮೆ ಹಾಗೆ ಕಾಣಲಿ ಎಂದಷ್ಟೇ ಅವರು ಕಾಯುತ್ತಿದ್ದರು.

ಹಬ್ಬಕ್ಕೆ ನಾನು ಬ್ಯಾಡಗಿಗೆ ಹೋದೆ. ಯಾರ ಮನೆಗೂ ಡಬ್ಬಿ ಬಂದಿರಲಿಲ್ಲ, ಕಾಕಾ ಸೋತಿದ್ದರು. ಯಾರೂ ಕೇಳುವ ಮೊದಲೇ ನಾಲ್ಕನೆಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಏಣಿಯ ಹತ್ತಿರ ನಿಂತಿದ್ದರು. ಏಣಿಯ ಮೇಲೆ ಕಾಕು. ಆದರೆ ಅವರು ಮೇಲಕ್ಕೆ ಇಡುತ್ತಿರಲಿಲ್ಲ, ಮೇಲಿನದನ್ನೇ ಒಂದೊಂದಾಗಿ ಕೆಳಗೆ ಕೊಡುತ್ತಿದ್ದರು!

"ಪಣ ನಾ ಸೋತೇನಿ," ಎಂದರು ಕಾಕಾ.

"ಸೋತ್ರ ಸೋಲ್ರಿ. ಅಟ್ಟ ನನಗ ಹಪ್ಪಳಕ್ಕ ಬೇಕಾಗೇತಿ."

ಆಮೇಲೆ ಕಾಕು ಏಣಿ ಇಳಿದು, ಆ ನಾಲ್ಕನೆಯ ಡಬ್ಬಿಯನ್ನು ಗಂಡನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಅಂಚು ಒರೆಸಿ, ಜೀವನದಲ್ಲಿ ಮೊದಲ ಸಲ ತಮ್ಮ ತಲೆಗೆ ಕಟ್ಟಿಕೊಂಡರು. "ಬರ್ರಿ, ಇಲ್ಲೆ ಬಾಜೂಕ ಕುಂದರ್ರಿ. ನಾ ಹೇಳ್ತೇನಿ, ನೀವು ಕೇಳ್ರಿ. ಒಂದು ಕೆಂಪು ಮೀನ ಬಂತು. ನನ್ನ ಮೂಗಿನಿಂದ ಒಂದು ಗೇಣು ಐತಿ. ಹಿಂದ ಒಂದು ದೊಡ್ಡದೈತಿ, ಅದು ನಮ್ಮ ಬಚ್ಚಲಮನಿಯಷ್ಟು ದೂರ. ಅಯ್ಯ, ಬಂತು, ಬಂತ್ರಿ! ಈಗ ಮೊಳದಷ್ಟು!" ಕಾಕಾ ಕಣ್ಣು ಮುಚ್ಚಿ, ಕೈ ಚಾಚಿ, ಆ ಮೊಳವನ್ನು ಗಾಳಿಯಲ್ಲಿ ಮುಟ್ಟಿ ನೋಡುತ್ತಿದ್ದರು. ಅವರ ಮುಖದಲ್ಲಿ ನಗು ಇತ್ತು. ನನಗೆ ಕಣ್ಣು ತುಂಬಿಬಂತು, ಈ ಸಲ ಮೆಣಸಿನಕಾಯಿ ಹತ್ತಿರದಲ್ಲೆಲ್ಲೂ ಇರಲಿಲ್ಲ.

ಆಟ ಮುಗಿದ ಮೇಲೆ ಕಾಕಾ ಎಂದಿನಂತೆ ಕಿಟ್ಲಿ ಎತ್ತಿದರು. ಚಹಾದ ಧಾರೆ ಕಪ್ಪಿನ ಅಂಚನ್ನು ತಪ್ಪುವಷ್ಟರಲ್ಲಿ ಕಾಕುವಿನ ಕೈ ಚಾಚಿತು, ಕಪ್ಪು ಒಂದು ಬೆರಳಿನಷ್ಟು ಈಚೆ ಸರಿಯಿತು, ಒಂದು ಹನಿಯೂ ಹೊರಗೆ ಬೀಳಲಿಲ್ಲ. ಕಾಕಾ ಕಿಟ್ಲಿಯನ್ನು ಹಾಗೇ ಹಿಡಿದು ಆ ಕೈಯನ್ನೇ ನೋಡಿದರು.

"ನಿನಗ ಮೊದಲಿಂದ ಗೊತ್ತಿತ್ತೇನ?"

"ಕಣ್ಣಿಂದು ನನಗೇನ್ ಗೊತ್ರಿ," ಎಂದರು ಕಾಕು, ಮುಂದಿನ ಕಪ್ಪಿಗೆ ಕೈ ಹಾಕುತ್ತ. "ಚಹಾ ಹೊರಗ ಬೀಳ್ತೈತಿ ಅನ್ನೂದಷ್ಟ ಗೊತ್ತಿತ್ತು."